ಹದಿನೈದು ಸಾವಿರದೊಳಗೆ ಜೇಡದ ಕಣ್ಣು

(ತೀರ್ಥಹಳ್ಳಿ ಕಡೆಯ ಒಂದು ತೋಟದ ಮನೆ. ಮಾತಾಡುವವರು ಇಬ್ಬರು: ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದ ಮೇಷ್ಟ್ರು, ಅವರ ಕೈಯಲ್ಲಿ ಓದಿ ಈಗ ಹುಳುಹುಪ್ಪಟೆಗಳ ಫೋಟೋ ತೆಗೆಯುವ ಹಳೆಯ ವಿದ್ಯಾರ್ಥಿನಿ.)

ಮೇಷ್ಟ್ರು: ಬಾ, ಕೂತ್ಕೋ. ಫೋನಿನಲ್ಲಿ ಹೇಳಿದ್ದೆನಲ್ಲ, ಅದೇ ವಿಷಯ. ಮಗ ಈ ಕ್ಯಾಮೆರಾ ಕೊಡಿಸಿ ಹೋಗಿದ್ದಾನೆ. ಕ್ಯಾನನ್ 1500ಡಿ. ಜೊತೆಗೆ ಎರಡು ಲೆನ್ಸು, ಒಂದು 18–55, ಇನ್ನೊಂದು 55–250. ಮೊಮ್ಮಗಳ ಫೋಟೋ, ಕುಂದಾದ್ರಿ ಫೋಟೋ ಎಲ್ಲ ಚೆನ್ನಾಗೇ ಬರುತ್ತೆ. ಆದರೆ ನನಗೆ ಬೇಕಾಗಿರೋದು ಅದಲ್ಲ. ಕೆಲಸದಲ್ಲಿ ಇದ್ದಷ್ಟು ಕಾಲ ಜೇಡ, ಇರುವೆ, ಹೂವಿನ ಕೇಸರ ಎಲ್ಲವನ್ನೂ ಸೀಮೆಸುಣ್ಣದಲ್ಲಿ ಬೋರ್ಡಿನ ಮೇಲೆ ಬಿಡಿಸಿದೆ. ಈಗ ಅವನ್ನು ಇದ್ದ ಹಾಗೇ ಮಕ್ಕಳಿಗೆ ತೋರಿಸಬೇಕು ಅಂತ ಆಸೆ. ಅಂಗಳದ ಮಾವಿನ ಮರದಲ್ಲಿ ಚಗಳಿ ಇರುವೆಗಳು ಗೂಡು ಕಟ್ಟಿವೆ. ಆ ಗುಂಪಿನ ಅಂಚಿನಲ್ಲೇ ಚಗಳಿಯನ್ನೇ ಹೋಲುವ ಒಂದು ಜೇಡ ಇರುತ್ತೆ ಅಂತ ಓದಿದ್ದೆ. ಮೊನ್ನೆ ಒಂದು ಕಂಡ ಹಾಗಾಯ್ತು. ತೆಗೆದೆ. ಕಂಪ್ಯೂಟರಿಗೆ ಹಾಕಿ ನೋಡಿದರೆ ಒಂದು ಕೆಂಪು ಚುಕ್ಕೆ. ಇರುವೆಯೋ ಜೇಡವೋ ತಿಳಿಯೋ ಹಾಗಿಲ್ಲ.

ಶಿಷ್ಯೆ: ಅದು ಇರೋದು ನಿಜ ಸರ್. ಮಿರ್ಮಪ್ಲಾಟಾ ಅಂತ ಕುಲ, ಜಿಗಿಯುವ ಜೇಡಗಳ ಕುಟುಂಬದ್ದು. ಮುಂದಿನ ಜೋಡಿ ಕಾಲನ್ನು ಇರುವೆಯ ಮೀಸೆಯ ಹಾಗೆ ಗಾಳಿಯಲ್ಲಿ ಎತ್ತಿಕೊಂಡು ಓಡಾಡುತ್ತೆ. ಚಗಳಿಯ ಕಡಿತಕ್ಕೆ ಹೆದರಿ ಹಕ್ಕಿ, ಕಣಜಗಳು ದೂರ ಇರುತ್ತವಲ್ಲ, ಆ ಹೆದರಿಕೆಯೇ ಇದಕ್ಕೂ ರಕ್ಷಣೆ. ಬರಿಗಣ್ಣಿಗೆ ಸುಲಭವಾಗಿ ಗೊತ್ತಾಗಲ್ಲ. ಮುಖ ಎದುರಿಗೆ ಸಿಕ್ಕರೆ ಮಾತ್ರ ಖಾತ್ರಿ. ಮುಂದುಗಡೆ ಎರಡು ದೊಡ್ಡ ಕಣ್ಣು, ಅಕ್ಕಪಕ್ಕ ಸಣ್ಣವು, ಒಟ್ಟು ಎಂಟು.

ಮೇಷ್ಟ್ರು: ಆ ಎಂಟು ಕಣ್ಣು ನನಗೆ ಬೇಕು. ಶಿವಮೊಗ್ಗದಲ್ಲಿ ಅಂಗಡಿಯಲ್ಲಿ ವಿಚಾರಿಸಿದೆ. ಮ್ಯಾಕ್ರೋ ಲೆನ್ಸ್ ತಗೊಳ್ಳಿ, 100 ಎಂಎಂ ಎಲ್ ಅಂತ ಬರುತ್ತೆ, ಅದಕ್ಕಿಂತ ಒಳ್ಳೇದಿಲ್ಲ ಅಂದರು. ರೇಟು ಕೇಳಿ ಸುಮ್ಮನೆ ಎದ್ದು ಬಂದೆ. ನಾನು ಇದಕ್ಕೆ ಅಂತ ಎತ್ತಿಟ್ಟಿರೋದು ಹದಿನೈದು ಸಾವಿರ. ಅಷ್ಟರೊಳಗೆ ಯಾವ ಲೆನ್ಸು ಅಂತ ನೀನು ಹೇಳಬೇಕು.

ಶಿಷ್ಯೆ: ಅವರು ಹೇಳಿದ್ದರಲ್ಲಿ ಸುಳ್ಳಿಲ್ಲ. ಅದು ಒಳ್ಳೆಯ ಲೆನ್ಸೇ. ಆದರೆ ಲೆನ್ಸಿನ ಹೆಸರಿಗೆ ಹೋಗೋ ಮುಂಚೆ ಒಂದು ಅಳತೆ ಇತ್ಯರ್ಥ ಮಾಡಿಕೊಳ್ಳಬೇಕು ಸರ್. ನೀವು ತೆಗೆಯಬೇಕಾದ ಜೀವ ಎಷ್ಟು ದೊಡ್ಡದು?

ಮೇಷ್ಟ್ರು: ಆ ಜೇಡ ಏಳೆಂಟು ಮಿಲಿಮೀಟರ್ ಇರಬಹುದು.

ಶಿಷ್ಯೆ: ನಿಮ್ಮ ಕ್ಯಾಮೆರಾದೊಳಗಿನ ಸೆನ್ಸರ್ 22.3 ಮಿ.ಮೀ. ಅಗಲ, 14.9 ಮಿ.ಮೀ. ಎತ್ತರ. ಲೆನ್ಸು ಆ ಸೆನ್ಸರ್ ಮೇಲೆ ಜೇಡದ ಬಿಂಬವನ್ನು ಎಷ್ಟು ದೊಡ್ಡದಾಗಿ ಮೂಡಿಸುತ್ತೆ ಅನ್ನೋದೇ ಇಡೀ ಲೆಕ್ಕ. ಎಂಟು ಮಿಲಿಮೀಟರ್ ಜೇಡ ಸೆನ್ಸರ್ ಮೇಲೂ ಎಂಟೇ ಮಿಲಿಮೀಟರ್ ಬಿದ್ದರೆ ಒಂದಕ್ಕೆ ಒಂದು. ನಿಜವಾದ ಮ್ಯಾಕ್ರೋ ಲೆನ್ಸ್ ಅಂತ ಕರೆಸಿಕೊಳ್ಳೋಕೆ ಸಾಮಾನ್ಯವಾಗಿ ಇಷ್ಟು ಆಗಲೇಬೇಕು. ನಿಮ್ಮ 55–250ರ ಶಕ್ತಿ ಹೆಚ್ಚೆಂದರೆ 0.31. ಅದೂ 1.1 ಮೀಟರ್ ದೂರದಿಂದ, ಪೂರ್ತಿ ಜೂಮ್ ಮಾಡಿದಾಗ.

ಮೇಷ್ಟ್ರು: ಹಾಗಾದರೆ ಎಂಟು ಇಂಟು 0.31, ಎರಡೂವರೆ ಮಿಲಿಮೀಟರ್. ಇಪ್ಪತ್ತೆರಡರಲ್ಲಿ ಎರಡೂವರೆ ಅಂದರೆ ಚಿತ್ರದ ಅಗಲದಲ್ಲಿ ಒಂಬತ್ತನೇ ಒಂದು ಭಾಗ. ಅದಕ್ಕೇ ಚುಕ್ಕೆ.

ಶಿಷ್ಯೆ: ಹೌದು. ಯಾವ ಲೆನ್ಸಿನ ವಿವರದಲ್ಲೂ ಈ ಅಂಕಿ ಬರೆದಿರುತ್ತೆ, ಗರಿಷ್ಠ ವರ್ಧನೆ ಅಂತ. ಕೊಳ್ಳುವವರು ನೋಡಬೇಕಾದ ಮೊದಲನೇ ಅಂಕಿ ಅದು. ಮನೆಯಲ್ಲೇ ಪರೀಕ್ಷೆ ಮಾಡೋಕೆ ಒಂದು ಸ್ಕೇಲ್ ಸಾಕು. ಆದಷ್ಟು ಹತ್ತಿರ ಹೋಗಿ ಸ್ಕೇಲಿನ ಫೋಟೋ ತೆಗೆಯಿರಿ. ಚೌಕಟ್ಟಿನ ಅಗಲಕ್ಕೆ ಇಪ್ಪತ್ತೆರಡು ಗೆರೆ ಹಿಡಿದರೆ ಒಂದಕ್ಕೆ ಒಂದು, ಎಪ್ಪತ್ತೆರಡು ಹಿಡಿದರೆ ನಿಮ್ಮ ಈಗಿನ ಲೆನ್ಸು.

ಮೇಷ್ಟ್ರು: ಒಂದು ನಿಮಿಷ. ಅಂಗಡಿಯಲ್ಲಿ ಇನ್ನೊಂದು ಲೆನ್ಸನ್ನೂ ತೋರಿಸಿದರು. 70–300. ಅದರ ಮೈಮೇಲೇ ಮ್ಯಾಕ್ರೋ ಅಂತ ಅಚ್ಚು ಹಾಕಿತ್ತು, ರೇಟೂ ಕೈಗೆಟುಕುವ ಹಾಗಿತ್ತು.

ಶಿಷ್ಯೆ: ಟ್ಯಾಮ್ರಾನ್ ಇರಬೇಕು. ಅದು ಒಂದು ಸ್ವಿಚ್ ಒತ್ತಿದರೆ 180ರಿಂದ 300ರ ಒಳಗೆ ಅರ್ಧದಷ್ಟು, ಅಂದರೆ 0.5 ವರ್ಧನೆ ಕೊಡುತ್ತೆ. ಆ ದುಡ್ಡಿಗೆ ಮೋಸ ಇಲ್ಲ. ಆದರೆ ನಿಮ್ಮ ಹತ್ತಿರ 250ರವರೆಗೆ ಈಗಾಗಲೇ ಇದೆ. 0.31ರಿಂದ 0.5ಕ್ಕೆ ಹೋಗೋಕೆ ಇನ್ನೊಂದು ಜೂಮ್ ಬೇಡ. ಮೈಮೇಲೆ ಏನು ಅಚ್ಚು ಹಾಕಿದ್ದಾರೆ ಅಂತ ನೋಡಬೇಡಿ ಸರ್, ಆ ಅಂಕಿ ನೋಡಿ. 0.3 ಇರೋ ಜೂಮಿಗೂ ಮ್ಯಾಕ್ರೋ ಅಂತ ಬರೆದು ಮಾರುತ್ತಾರೆ.

ಮೇಷ್ಟ್ರು: ಚಿಟ್ಟೆಗಳಿಗೆ? ತೋಟದಲ್ಲಿ ಕಿರುಬೆರಳಿನಷ್ಟರಿಂದ ಹಿಡಿದು ಅಂಗೈ ಅಗಲದವರೆಗೆ ಇವೆ.

ಶಿಷ್ಯೆ: ಚಿಟ್ಟೆಗೆ ನೀವು ಒಂದು ರೂಪಾಯಿಯನ್ನೂ ಖರ್ಚು ಮಾಡಬೇಕಾಗಿಲ್ಲ. ಇದನ್ನು ಯಾರೂ ಹೇಳಲ್ಲ, ಅದಕ್ಕೇ ನಾನು ಒತ್ತಿ ಹೇಳ್ತೀನಿ. ಎಪ್ಪತ್ತೆರಡು ಮಿಲಿಮೀಟರ್ ಚೌಕಟ್ಟಿನಲ್ಲಿ ಬಹಳಷ್ಟು ಚಿಟ್ಟೆಗಳು ಆರಾಮಾಗಿ ಹಿಡಿಯುತ್ತವೆ. ನಮ್ಮ ರಾಜ್ಯದ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ರೆಕ್ಕೆ ಬಿಚ್ಚಿದರೆ 14 ಸೆಂಟಿಮೀಟರ್‌ಗೂ ಮೀರುತ್ತೆ, ಅದು ಬಂದರೆ ನೀವೇ ಹಿಂದೆ ಸರಿಯಬೇಕು. ಒಂದು ಮೀಟರ್ ದೂರದಲ್ಲಿ ನಿಂತೇ ತೆಗೆಯೋದರಿಂದ ಚಿಟ್ಟೆ ಬೆದರೋದೂ ಕಡಿಮೆ. ಏರೋಪ್ಲೇನ್ ಚಿಟ್ಟೆ, ದೊಡ್ಡ ಕಪ್ಪೆ, ಓತಿಕ್ಯಾತ, ಮುಷ್ಟಿಯಷ್ಟಿರೋ ಹೂವು, ಎಲ್ಲಕ್ಕೂ ನಿಮ್ಮ 55–250 ಸಾಕು. ನಿಜವಾದ ಕೊರತೆ ಎರಡು ಸೆಂಟಿಮೀಟರ್‌ಗಿಂತ ಚಿಕ್ಕದಾದ ಲೋಕಕ್ಕೆ ಮಾತ್ರ. ಜೇಡ, ಇರುವೆ, ಜಿಗಿಹುಳ, ಚಿಟ್ಟೆಯ ಮೊಟ್ಟೆ, ಪಾಚಿ.

ಮೇಷ್ಟ್ರು: ಆ ಲೋಕವೇ ನನಗೆ ಬೇಕಾದ್ದು.

ಶಿಷ್ಯೆ: ಸರಿ, ಅಲ್ಲಿಗೆ ಹೋಗೋಣ. ಹೊಸ ಲೆನ್ಸು ಕೊಳ್ಳದೆ ಇದ್ದ ಲೆನ್ಸಿನಲ್ಲೇ ಹತ್ತಿರ ಹೋಗೋ ದಾರಿಗಳು ಮೂರಿವೆ. ಒಂದು, ಲೆನ್ಸನ್ನು ತಿರುಗಿಸಿ ಹಿಂದುಮುಂದಾಗಿ ಹಾಕೋದು. ಕೆಲವು ನೂರು ರೂಪಾಯಿಯ ಒಂದು ರಿವರ್ಸ್ ರಿಂಗ್ ಸಾಕು. 18–55ನ್ನು ಹಾಗೆ ಹಾಕಿದರೆ ವರ್ಧನೆ ವಿಪರೀತ ಬರುತ್ತೆ. ಆದರೆ ಕ್ಯಾನನ್ ಲೆನ್ಸಿನ ಅಪರ್ಚರ್, ಅಂದರೆ ಬೆಳಕು ಒಳಬಿಡುವ ತೂತು, ಕ್ಯಾಮೆರಾದ ವಿದ್ಯುತ್ ಸಂಪರ್ಕದಿಂದ ನಡೆಯೋದು. ತಿರುಗಿಸಿದರೆ ಸಂಪರ್ಕ ತಪ್ಪಿ ಅಪರ್ಚರ್ ಪೂರ್ತಿ ತೆರೆದೇ ಉಳಿಯುತ್ತೆ. ಅದನ್ನು ಮೊದಲೇ ಮುಚ್ಚಿಟ್ಟು ಲೆನ್ಸು ಬಿಚ್ಚೋ ಉಪಾಯ ಇದೆ, ಆದರೆ ಹುಳು ಕಂಡಾಗೆಲ್ಲ ಅದನ್ನು ಮಾಡ್ತಾ ಕೂರೋಕಾಗಲ್ಲ. ಜೊತೆಗೆ ಲೆನ್ಸಿನ ಹಿಂಭಾಗ ಮಳೆಗೂ ಧೂಳಿಗೂ ಬೆತ್ತಲೆ. ನಿಮಗೆ ಬೇಡ.

ಮೇಷ್ಟ್ರು: ಎರಡನೇದು?

ಶಿಷ್ಯೆ: ಎಕ್ಸ್‌ಟೆನ್ಶನ್ ಟ್ಯೂಬ್. ಲೆನ್ಸಿಗೂ ಕ್ಯಾಮೆರಾಗೂ ನಡುವೆ ಹಾಕುವ ಬಳೆಗಳು, ಒಳಗೆ ಗಾಜೇ ಇರಲ್ಲ. ಕೆಂಕೋ ಸೆಟ್ಟಿನಲ್ಲಿ 12, 20, 36 ಮಿ.ಮೀ. ಅಂತ ಮೂರು ಬರುತ್ತವೆ. ಲೆನ್ಸನ್ನು ಸೆನ್ಸರ್‌ನಿಂದ ದೂರ ಒಯ್ದಷ್ಟೂ ಅದು ಹತ್ತಿರದ ವಸ್ತುವಿಗೆ ಫೋಕಸ್ ಆಗುತ್ತೆ. ಎಷ್ಟು ವರ್ಧನೆ ಹೆಚ್ಚುತ್ತೆ ಅಂದರೆ, ಟ್ಯೂಬಿನ ಉದ್ದವನ್ನು ಲೆನ್ಸಿನ ಸಂಗಮದೂರದಿಂದ ಭಾಗಿಸಿದಷ್ಟು.

ಮೇಷ್ಟ್ರು: ಅಂದರೆ 55ಕ್ಕೆ ಇಟ್ಟ ಚಿಕ್ಕ ಲೆನ್ಸಿಗೆ 36ರ ಬಳೆ ಹಾಕಿದರೆ 0.65 ಹೆಚ್ಚಾಯಿತು.

ಶಿಷ್ಯೆ: ಆ ಲೆನ್ಸಿಗೆ ಮೊದಲೇ 0.34 ಇದೆ. ಕೂಡಿಸಿ.

ಮೇಷ್ಟ್ರು: ಒಂದಕ್ಕೆ ಒಂದು ಬಂತಲ್ಲ! ಅದೇ 250ಕ್ಕೆ ಹಾಕಿದರೆ 36 ಭಾಗಿಸು 250, 0.14. ಏನೂ ಉಪಯೋಗವಿಲ್ಲ. ಹಾಗಾದರೆ ಬಳೆ ಚಿಕ್ಕ ಲೆನ್ಸಿಗೆ ಹೊಂದುತ್ತೆ, ಉದ್ದದ್ದಕ್ಕೆ ಅಲ್ಲ.

ಶಿಷ್ಯೆ: ಸರಿಯಾಗಿ ಹಿಡಿದಿರಿ. ಆದರೆ ಚಿಕ್ಕ ಲೆನ್ಸಿನಲ್ಲಿ ಒಂದಕ್ಕೆ ಒಂದು ಬರುವ ಹೊತ್ತಿಗೆ ಲೆನ್ಸಿನ ಮೂತಿಗೂ ಹುಳುವಿಗೂ ನಡುವೆ ಕೆಲವೇ ಸೆಂಟಿಮೀಟರ್ ಉಳಿದಿರುತ್ತೆ. ನಿಮ್ಮ ನೆರಳೇ ಅದರ ಮೇಲೆ ಬೀಳುತ್ತೆ. ಚಗಳಿ ಮರದಲ್ಲಿ ಹಾಗೆ ಮೂತಿ ತೂರಿಸಿದರೆ ಏನಾಗುತ್ತೆ ಅಂತ ನಿಮಗೆ ಗೊತ್ತಿದೆ. ಟ್ಯೂಬ್ ಕೊಳ್ಳುವವರು ಇನ್ನೊಂದು ನೋಡಬೇಕು. ಒಳಗಡೆ ಚಿನ್ನದ ಬಣ್ಣದ ಸಣ್ಣ ಪಿನ್ನುಗಳಿರಬೇಕು. ಅವಿಲ್ಲದ ಟ್ಯೂಬ್ ಬಹಳ ಅಗ್ಗಕ್ಕೆ ಸಿಗುತ್ತೆ, ಆದರೆ ನಿಮ್ಮ ಕ್ಯಾಮೆರಾದಲ್ಲಿ ಮತ್ತೆ ಅದೇ ಅಪರ್ಚರ್ ತೊಂದರೆ.

ಮೇಷ್ಟ್ರು: ಈ ನಡುವಿನ ದೂರದ ಮಾತು ಮುಖ್ಯ ಅನ್ನಿಸುತ್ತೆ. ಅದನ್ನೂ ಡಬ್ಬದ ಮೇಲೆ ಬರೆದಿರುತ್ತಾರಾ?

ಶಿಷ್ಯೆ: ಅಲ್ಲೇ ಹೊಸಬರು ಎಡವೋದು. ಕನಿಷ್ಠ ಫೋಕಸ್ ದೂರ ಅಂತ ಬರೆಯುತ್ತಾರೆ. ಆದರೆ ಅದನ್ನು ಅಳೆಯೋದು ಲೆನ್ಸಿನ ತುದಿಯಿಂದಲ್ಲ, ಸೆನ್ಸರ್‌ನಿಂದ. ಕ್ಯಾಮೆರಾದ ನೆತ್ತಿ ಮೇಲೆ ಒಂದು ವೃತ್ತ, ಅದನ್ನು ಸೀಳಿದ ಗೆರೆ ಇದೆ ನೋಡಿ, ಅಲ್ಲಿಂದ. ಕ್ಯಾನನ್‌ದೇ 35 ಎಂಎಂ ಮ್ಯಾಕ್ರೋ ಒಂದಿದೆ, 2017ರಲ್ಲಿ ಬಂದದ್ದು, ಎಲ್ ಲೆನ್ಸಿಗಿಂತ ಎಷ್ಟೋ ಅಗ್ಗ, ಒಂದಕ್ಕೆ ಒಂದು ಕೊಡುತ್ತೆ. ಕನಿಷ್ಠ ದೂರ 13 ಸೆಂಟಿಮೀಟರ್ ಅಂತ ಓದಿದರೆ ಪರವಾಗಿಲ್ಲ ಅನ್ನಿಸುತ್ತೆ. ಕ್ಯಾಮೆರಾ ದಪ್ಪ, ಲೆನ್ಸಿನ ಉದ್ದ ಕಳೆದರೆ ಹುಳುವಿಗೆ ಉಳಿಯೋದು 3 ಸೆಂಟಿಮೀಟರ್. ಅಷ್ಟು ಹತ್ತಿರದಲ್ಲಿ ಬೆಳಕೇ ತಲುಪಲ್ಲ ಅಂತ ಲೆನ್ಸಿನ ತುದಿಗೇ ಪುಟ್ಟ ಎಲ್‌ಇಡಿ ದೀಪ ಕೂರಿಸಿದ್ದಾರೆ. ನಿಕಾನ್‌ನ 40 ಎಂಎಂ ಕೂಡ ಹಾಗೇ, ಮೂರೂವರೆ ಸೆಂಟಿಮೀಟರ್. ನಾಣ್ಯ, ಅಂಚೆಚೀಟಿ, ಬೀಜ, ಹೂವು ತೆಗೆಯುವವರಿಗೆ ಇವೆರಡೂ ಬಹಳ ಒಳ್ಳೆಯವು. ಓಡುವ ಜೀವಕ್ಕೆ ಅಲ್ಲ. ಅಂಗಡಿಯವರು ಹೇಳಿದ 100 ಎಂಎಂ ಲೆನ್ಸಿಗೆ ಕನಿಷ್ಠ ದೂರ 30 ಸೆಂಟಿಮೀಟರ್, ಅದರಲ್ಲಿ ಹುಳುವಿಗೆ ಸುಮಾರು 15 ಸಿಗುತ್ತೆ.

ಮೇಷ್ಟ್ರು: ಮೂರನೇ ದಾರಿ ಹೇಳು.

ಶಿಷ್ಯೆ: ಅದು ನೀವೇ ನಮಗೆ ಪಾಠ ಮಾಡಿದ್ದು. ಪೀನ ಮಸೂರ.

ಮೇಷ್ಟ್ರು: ಲೆನ್ಸಿನ ಮುಂದೆ ಭೂತಗನ್ನಡಿ ಹಿಡಿಯೋದಾ?

ಶಿಷ್ಯೆ: ತತ್ವ ಅದೇ. ಆದರೆ ಬರೀ ಒಂದೇ ಗಾಜಿನ ಮಸೂರ ಹಿಡಿದರೆ ಅಂಚಿನಲ್ಲಿ ಕೆಂಪು ನೀಲಿ ಬಣ್ಣ ಚೆಲ್ಲುತ್ತೆ. +1, +2, +4, +10 ಅಂತ ಸೆಟ್ಟಾಗಿ ತೀರಾ ಅಗ್ಗಕ್ಕೆ ಸಿಗುವ ಕ್ಲೋಸಪ್ ಫಿಲ್ಟರ್‌ಗಳ ತೊಂದರೆ ಅದು. ಬೇರೆ ಬೇರೆ ಜಾತಿಯ ಗಾಜುಗಳನ್ನು ಜೋಡಿಸಿ ಆ ಬಣ್ಣವನ್ನು ಸರಿಪಡಿಸಿದ ಮಸೂರಗಳಿವೆ. ಜಪಾನಿನ ರೇನಾಕ್ಸ್ ಡಿಸಿಆರ್-250 ಅನ್ನೋದು ಹಾಗೆ ಮಾಡಿದ್ದು. ಅದರ ಸಾಮರ್ಥ್ಯ 8 ಡಯಾಪ್ಟರ್.

ಮೇಷ್ಟ್ರು: ಎಂಟು ಡಯಾಪ್ಟರ್ ಅಂದರೆ ಸಂಗಮದೂರ ಎಂಟನೇ ಒಂದು ಮೀಟರ್. ಹನ್ನೆರಡೂವರೆ ಸೆಂಟಿಮೀಟರ್.

ಶಿಷ್ಯೆ: ಈಗ ನಿಮ್ಮ 55–250ರ ಮೂತಿಗೆ ಅದನ್ನು ಸಿಕ್ಕಿಸಿ, ಲೆನ್ಸಿನ ಫೋಕಸ್ಸನ್ನು ಅನಂತಕ್ಕೆ ಇಡಿ. ಏನಾಗುತ್ತೆ ಹೇಳಿ.

ಮೇಷ್ಟ್ರು: ಹುಳು ಪೀನ ಮಸೂರದ ಸಂಗಮಬಿಂದುವಿನಲ್ಲಿದ್ದರೆ ಅದರಿಂದ ಹೊರಟ ಕಿರಣಗಳು ಮಸೂರ ದಾಟಿ ಸಮಾಂತರವಾಗುತ್ತವೆ. ಸಮಾಂತರ ಕಿರಣ ಅಂದರೆ ಕ್ಯಾಮೆರಾಗೆ ಅದು ಬಹು ದೂರದ ವಸ್ತು ಇದ್ದ ಹಾಗೆ. ಅನಂತಕ್ಕೆ ಫೋಕಸ್ ಇಟ್ಟ ಲೆನ್ಸು ಅದನ್ನು ಸ್ಪಷ್ಟವಾಗಿ ಹಿಡಿಯುತ್ತೆ. ಅಂದರೆ ಹುಳು ಯಾವಾಗಲೂ ಹತ್ತಿರ ಹತ್ತಿರ ಹನ್ನೆರಡು ಸೆಂಟಿಮೀಟರ್ ದೂರದಲ್ಲೇ ಇರಬೇಕು. ಜೂಮ್ ಏನೇ ಇರಲಿ!

ಶಿಷ್ಯೆ: ವರ್ಧನೆ?

ಮೇಷ್ಟ್ರು: ಎರಡು ಸಂಗಮದೂರಗಳ ಅನುಪಾತ. ಜೂಮ್ 125ಕ್ಕೆ ಇಟ್ಟರೆ 125 ಭಾಗಿಸು 125, ಒಂದಕ್ಕೆ ಒಂದು. 250ಕ್ಕೆ ಇಟ್ಟರೆ... ಎರಡು? ಆ ದುಬಾರಿ ಲೆನ್ಸಿನ ಎರಡರಷ್ಟು?

ಶಿಷ್ಯೆ: ಎರಡರಷ್ಟು. ಚೌಕಟ್ಟಿನ ಅಗಲಕ್ಕೆ 11 ಮಿಲಿಮೀಟರ್ ಮಾತ್ರ. ನಿಮ್ಮ ಜೇಡ ಚಿತ್ರದ ಮುಕ್ಕಾಲು ಭಾಗ ತುಂಬುತ್ತೆ. ಕಾಲು ಕದಲಿಸದೆ, ಬರೀ ಜೂಮ್ ತಿರುಗಿಸಿ ಅರ್ಧದಿಂದ ಎರಡರವರೆಗೆ ಹೋಗಬಹುದು. ಇದು ಸಾಮಾನ್ಯ ಮ್ಯಾಕ್ರೋ ಲೆನ್ಸಿಗೂ ಇಲ್ಲದ ಸೌಕರ್ಯ. ಆಟೋಫೋಕಸ್, ಅಪರ್ಚರ್ ಎಲ್ಲ ಮೊದಲಿನ ಹಾಗೇ ನಡೆಯುತ್ತವೆ. ಸ್ಪ್ರಿಂಗ್ ಕ್ಲಿಪ್ಪಿನ ಹಾಗೆ ಒತ್ತಿ ಸಿಕ್ಕಿಸುವ ಅಡಾಪ್ಟರ್ ಜೊತೆಯಲ್ಲೇ ಬರುತ್ತೆ, 52ರಿಂದ 67 ಮಿ.ಮೀ. ವ್ಯಾಸದ ಮೂತಿಗೆಲ್ಲ ಕೂರುತ್ತೆ. ನಿಮ್ಮದು 58. ಚಿಟ್ಟೆ ಬಂದರೆ ಕಿತ್ತು ಜೇಬಿಗೆ ಹಾಕಿಕೊಳ್ಳಿ, ಜೇಡ ಬಂದರೆ ಮತ್ತೆ ಸಿಕ್ಕಿಸಿ. ನಾಳೆ ನೀವು ಬೇರೆ ಕಂಪನಿಯ ಕ್ಯಾಮೆರಾಗೆ ಹೋದರೂ ಇದು ಜೊತೆಗೆ ಬರುತ್ತೆ. ಕೊರತೆಯನ್ನೂ ಹೇಳಿಬಿಡ್ತೀನಿ. ಜೂಮ್ ಕಡಿಮೆ ಇದ್ದಾಗ ಮೂಲೆಗಳು ಕಪ್ಪಾಗುತ್ತವೆ. ಅಂಚಿನ ಸ್ಪಷ್ಟತೆ ನಿಜವಾದ ಮ್ಯಾಕ್ರೋ ಲೆನ್ಸಿನಷ್ಟು ಇರಲ್ಲ. ಹುಳು ನಡುವಿನಲ್ಲಿರುತ್ತೆ, ಅಂಚು ಹೇಗೂ ಮಸುಕಾಗೇ ಇರುತ್ತೆ, ಅದರಿಂದ ಹುಳುವಿನ ಫೋಟೋಕ್ಕೆ ಇದು ದೊಡ್ಡ ದೋಷ ಅಲ್ಲ.

ಮೇಷ್ಟ್ರು: ಒಂದು ಸಂಶಯ. ಈಗ ಇದನ್ನು ಕೊಂಡು, ಆಮೇಲೆ ಮನಸ್ಸು ತಡೆಯದೆ ಮ್ಯಾಕ್ರೋ ಲೆನ್ಸೂ ಕೊಂಡರೆ ಎರಡೆರಡು ಖರ್ಚು. ಹಳ್ಳಿಯಲ್ಲಿ ಬೆಳೆದವನು ನಾನು, ಒಂದೇ ಸಲ ಗಟ್ಟಿಯಾದ್ದನ್ನು ತಗೋ ಅಂತಲೇ ನಮ್ಮಪ್ಪ ಹೇಳಿಕೊಟ್ಟದ್ದು. ಇನ್ನೊಂದು ವರ್ಷ ದುಡ್ಡು ಕೂಡಿಸಿ ಆ ಎಲ್ ಲೆನ್ಸೇ ತಂದರೆ?

ಶಿಷ್ಯೆ: ಆ ಲೆನ್ಸಿನ ಬೆಲೆಯಲ್ಲಿ ನೀವು ಯಾವುದಕ್ಕೆ ದುಡ್ಡು ಕೊಡ್ತೀರಿ ಅಂತ ನೋಡೋಣ. ಒಂದು, ವೇಗವಾದ ಆಟೋಫೋಕಸ್. ಇನ್ನೊಂದು, ಕೈನಡುಕ ತಡೆಯುವ ಸ್ಟೆಬಿಲೈಜರ್. ಒಂದಕ್ಕೆ ಒಂದರಲ್ಲಿ ಈ ಎರಡೂ ತಮ್ಮ ಬಲದಲ್ಲಿ ಹೆಚ್ಚಿನದನ್ನು ಕಳೆದುಕೊಳ್ಳುತ್ತವೆ. ಸಾಮಾನ್ಯ ದೂರದಲ್ಲಿ ನಾಲ್ಕು ಸ್ಟಾಪ್ ಸಹಾಯ, ಒಂದಕ್ಕೆ ಒಂದರಲ್ಲಿ ಎರಡು ಸ್ಟಾಪ್ ಅಂತ ಕ್ಯಾನನ್ ತಾನೇ ಹೇಳುತ್ತೆ. ಆಟೋಫೋಕಸ್ ಅಷ್ಟು ಹತ್ತಿರದಲ್ಲಿ ಹಿಂದೆ ಮುಂದೆ ತಡಕಾಡುತ್ತೆ. ಹುಳುಗಳ ಫೋಟೋ ತೆಗೆಯುವವರಲ್ಲಿ ತುಂಬ ಜನ ಅದನ್ನು ಆಫ್ ಮಾಡಿ, ಫೋಕಸ್ಸನ್ನು ಒಂದು ಕಡೆ ಕಟ್ಟಿಹಾಕಿ, ತಾವೇ ಕೂದಲೆಳೆಯಷ್ಟು ಮುಂದೆ ಹಿಂದೆ ವಾಲುತ್ತಾರೆ. ಕಣ್ಣು ಸ್ಪಷ್ಟವಾದ ಕ್ಷಣಕ್ಕೆ ಒತ್ತುತ್ತಾರೆ. ನೀವು ಯಾವ ಲೆನ್ಸು ತಂದರೂ ಇದನ್ನು ಕಲಿಯಲೇಬೇಕು. ಕಲಿತ ಮೇಲೆ ಆ ಎರಡು ದುಬಾರಿ ಸೌಕರ್ಯಗಳು ಈ ಕೆಲಸಕ್ಕೆ ಬೇಕಾಗಲ್ಲ. ಜನರ ಫೋಟೋ, ಮದುವೆ ಫೋಟೋಗೂ ಅದೇ ಲೆನ್ಸು ಬಳಸುವವರ ಮಾತು ಬೇರೆ.

ಮೇಷ್ಟ್ರು: ಸ್ಟೆಬಿಲೈಜರ್ ಇಲ್ಲದ, ಅದಕ್ಕಿಂತ ಅಗ್ಗದ ಮ್ಯಾಕ್ರೋ ಲೆನ್ಸು ಇದೆಯಾ?

ಶಿಷ್ಯೆ: ಇದೆ, ಸೆಕೆಂಡ್ ಹ್ಯಾಂಡ್‌ನಲ್ಲಿ. ಕ್ಯಾನನ್‌ದೇ 100 ಎಂಎಂನ ಹಿಂದಿನ ಮಾದರಿ 2000ನೇ ಇಸವಿಯದು, ಎಲ್ ಅಲ್ಲದ್ದು, ಸ್ಟೆಬಿಲೈಜರ್ ಇಲ್ಲ. ಟ್ಯಾಮ್ರಾನ್ 90 ಎಂಎಂ ಹಳೆಯದು, ಫೋಕಸ್ ಮಾಡಿದಾಗ ಮೂತಿ ಉದ್ದ ಆಗುತ್ತೆ, ಮೋಟಾರ್ ಸದ್ದು ಮಾಡುತ್ತೆ, ಚಿತ್ರ ಮಾತ್ರ ಬಹಳ ಚೆನ್ನಾಗಿರುತ್ತೆ. ಟೋಕಿನಾ 100 ಎಂಎಂ ಕೂಡ ಹಾಗೇ. ಎಲ್ಲವೂ ಒಂದಕ್ಕೆ ಒಂದು ಕೊಡುತ್ತವೆ.

ಮೇಷ್ಟ್ರು: ಹಳೆಯದಾದರೆ ಸ್ಪಷ್ಟತೆ?

ಶಿಷ್ಯೆ: ಮ್ಯಾಕ್ರೋ ಲೆನ್ಸಿನ ವಂಶವೇ ಸ್ಪಷ್ಟತೆಗೆ ಹುಟ್ಟಿದ್ದು ಸರ್. 1956ರಲ್ಲಿ ನಿಕಾನ್ ತನ್ನ ಮೊದಲ ಮೈಕ್ರೋ-ನಿಕ್ಕೋರ್ ತಂದದ್ದು ಕಾಗದಪತ್ರಗಳನ್ನು ಮೈಕ್ರೋಫಿಲ್ಮಿಗೆ ಇಳಿಸೋಕೆ. ಜಪಾನಿ ಲಿಪಿಯ ಕಂಜಿ ಅಕ್ಷರಗಳಲ್ಲಿ ಒತ್ತೊತ್ತಾಗಿ ಗೆರೆಗಳಿರುತ್ತವೆ. ಸಣ್ಣ ಫಿಲ್ಮಿನ ಮೇಲೆ ಅವು ಒಂದಕ್ಕೊಂದು ಅಂಟದೆ ಓದೋ ಹಾಗೆ ಬರಬೇಕಿತ್ತು. ಅಂಥ ಕೆಲಸಕ್ಕೆ ಕಟ್ಟಿದ ಲೆನ್ಸುಗಳು. ಇವತ್ತಿಗೂ ಹಳೆಯ ಮ್ಯಾಕ್ರೋ ಲೆನ್ಸನ್ನು ಕಣ್ಣುಮುಚ್ಚಿ ನಂಬಬಹುದು, ಒಳಗೆ ಬೂಸ್ಟು ಹಿಡಿದಿರದಿದ್ದರೆ.

ಮೇಷ್ಟ್ರು: ಅದೇ ನಮ್ಮ ಕಡೆಯ ಭಯ. ಜೂನ್ ಬಂತೆಂದರೆ ಪೆಟ್ಟಿಗೆಯೊಳಗಿನ ಚಪ್ಪಲಿಗೂ ಬೂಸ್ಟು.

ಶಿಷ್ಯೆ: ಅದಕ್ಕೇ ಮಲೆನಾಡು, ಕರಾವಳಿ ಕಡೆ ಇದ್ದ ಲೆನ್ಸು ಕೊಳ್ಳುವಾಗ ಹೆಚ್ಚು ಎಚ್ಚರ ಬೇಕು. ಲೆನ್ಸಿನ ಹಿಂದಿನಿಂದ ಟಾರ್ಚ್ ಬಿಟ್ಟು ಮುಂದಿನಿಂದ ಓರೆಯಾಗಿ ನೋಡಿ. ಬಲೆಯ ಎಳೆಯಂಥ ಬಿಳಿ ಗೆರೆಗಳು ಕವಲೊಡೆದು ಹರಡಿದ್ದರೆ ಬೂಸ್ಟು, ಬಿಟ್ಟುಬಿಡಿ. ಅಲ್ಲೊಂದು ಇಲ್ಲೊಂದು ಧೂಳಿನ ಕಣ ಇದ್ದರೆ ಲಕ್ಷ್ಯ ಕೊಡಬೇಡಿ, ಚಿತ್ರದಲ್ಲಿ ಕಾಣಲ್ಲ. ಅಪರ್ಚರ್ ಎಲೆಗಳ ಮೇಲೆ ಎಣ್ಣೆ ಇರಬಾರದು. ಫೋಕಸ್ ರಿಂಗ್ ಒಂದೇ ಸಮ ತಿರುಗಬೇಕು. ನಿಮ್ಮದೇ ಕ್ಯಾಮೆರಾ ಒಯ್ದು, ಹತ್ತಿರದಿಂದ, ಎಫ್ 11ರಲ್ಲಿ ನಾಲ್ಕು ಫೋಟೋ ತೆಗೆದು ನೋಡಿಯೇ ದುಡ್ಡು ಕೊಡಿ. ಅಂಚೆಯಲ್ಲಿ ತರಿಸಬೇಡಿ. ತಂದ ಮೇಲೆ ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿಡಿ, ಅದರ ಬಣ್ಣ ತಿರುಗಿದಾಗ ಬಿಸಿಮಾಡಿ ಒಣಗಿಸಿ ಮತ್ತೆ ಹಾಕಿ. ಚರ್ಮದ ಬ್ಯಾಗಿನಲ್ಲಿ ಇಡಬೇಡಿ, ಅದು ತೇವ ಹೀರಿ ಬೂಸ್ಟಿಗೆ ತವರುಮನೆ ಆಗುತ್ತೆ.

ಮೇಷ್ಟ್ರು: ಇಷ್ಟೆಲ್ಲ ಹೇಳಿದರೂ ಈಗ ಮ್ಯಾಕ್ರೋ ಲೆನ್ಸು ಬೇಡ ಅಂತಲೇ ನಿನ್ನ ಮಾತಿನ ದಿಕ್ಕು.

ಶಿಷ್ಯೆ: ಹೌದು. ಯಾಕೆಂದರೆ ನಿಮ್ಮ ಹದಿನೈದು ಸಾವಿರದಲ್ಲಿ ಬೆಳಕಿಗೆ ಪಾಲು ಬೇಕು. ಲೆನ್ಸಿಗೇ ಎಲ್ಲವನ್ನೂ ಸುರಿದು, ಆಮೇಲೆ ಕತ್ತಲೆ ಚಿತ್ರ ನೋಡಿ ಬೇಸತ್ತು ಈ ಹವ್ಯಾಸ ಬಿಟ್ಟವರನ್ನು ನೋಡಿದ್ದೀನಿ. ನನಗೆ ಅದು ನಿಜವಾಗಿ ನೋವಿನ ವಿಷಯ. ಕೇಳಿ, ಒಂದಕ್ಕೆ ಒಂದರಲ್ಲಿ ಎಫ್ 8 ಇಟ್ಟರೆ ಎಷ್ಟು ಆಳ ಸ್ಪಷ್ಟವಾಗಿ ಬರುತ್ತೆ ಗೊತ್ತಾ? ಅರ್ಧ ಮಿಲಿಮೀಟರ್‌ಗಿಂತ ತುಸು ಹೆಚ್ಚು. ಎರಡರಷ್ಟು ವರ್ಧನೆಗೆ ಹೋದರೆ ಕಾಲು ಮಿಲಿಮೀಟರ್. ಜೇಡದ ಮುಂದಿನ ಕಣ್ಣು ಸ್ಪಷ್ಟ, ಪಕ್ಕದ ಕಣ್ಣು ಮಸುಕು.

ಮೇಷ್ಟ್ರು: ಹಾಗಾದರೆ ಅಪರ್ಚರ್ ಇನ್ನೂ ಕಿರಿದು ಮಾಡಬೇಕು. ಎಫ್ 16, 22.

ಶಿಷ್ಯೆ: ಮಾಡಿದರೆ ವಿವರ್ತನೆ ಅಡ್ಡ ಬರುತ್ತೆ, ಕಿರಿದಾದ ತೂತಿನ ಅಂಚಿನಲ್ಲಿ ಬೆಳಕು ಹರಡಿ ಇಡೀ ಚಿತ್ರವೇ ಮೆತ್ತಗಾಗುತ್ತೆ. ಟ್ಯೂಬ್ ಹಾಕಿ ಅಥವಾ ಮ್ಯಾಕ್ರೋ ಲೆನ್ಸಿನಲ್ಲಿ ಒಂದಕ್ಕೆ ಒಂದಕ್ಕೆ ಹೋದಾಗ ಎಫ್ 8 ಅಂತ ಇಟ್ಟದ್ದು ಹೆಚ್ಚುಕಡಿಮೆ ಎಫ್ 16ರ ಹಾಗೆ ವರ್ತಿಸುತ್ತೆ, ಅಂದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತೆ. ಆದ್ದರಿಂದ ಎಫ್ 8, ಎಫ್ 11, ಅಲ್ಲಿಗೆ ನಿಲ್ಲಿ. ಅಡಿಕೆ ತೋಟದ ನೆರಳು, ಮೋಡ, ಎಫ್ 11. ಬೆಳಕು ಎಲ್ಲಿಂದ ತರ್ತೀರಿ?

ಮೇಷ್ಟ್ರು: ಫ್ಲಾಶ್.

ಶಿಷ್ಯೆ: ಫ್ಲಾಶೇ ಈ ಕೆಲಸದ ಜೀವ. ಷಟರ್ ಸೆಕೆಂಡಿನ 200ನೇ ಒಂದು ಭಾಗ, ಐಎಸ್‌ಒ 100 ಅಥವಾ 200, ಎಫ್ 11. ಹಾಗಿಟ್ಟರೆ ತೋಟದ ಬೆಳಕು ಚಿತ್ರದಲ್ಲಿ ಹೆಚ್ಚುಕಡಿಮೆ ಬೀಳೋದೇ ಇಲ್ಲ, ಬೀಳೋದು ಫ್ಲಾಶಿನ ಮಿಂಚು ಮಾತ್ರ. ಕಡಿಮೆ ಪವರಿನಲ್ಲಿ ಆ ಮಿಂಚು ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಎಷ್ಟೋ ಕಡಿಮೆ ಹೊತ್ತು ಇರುತ್ತೆ. ಅಷ್ಟರಲ್ಲಿ ನಿಮ್ಮ ಕೈ ನಡುಗಲ್ಲ, ಎಲೆ ಅಲುಗಲ್ಲ, ಚಗಳಿ ಹೆಜ್ಜೆ ಇಡಲ್ಲ. ಸ್ಟೆಬಿಲೈಜರ್ ಮಾಡಬೇಕಾದ ಕೆಲಸವನ್ನು ಬೆಳಕೇ ಮಾಡಿಬಿಡುತ್ತೆ.

ಮೇಷ್ಟ್ರು: ಆದರೆ ಫ್ಲಾಶ್ ಹಾಕಿ ತೆಗೆದ ಜೀರುಂಡೆಯ ಫೋಟೋ ನೋಡಿದ್ದೇನೆ. ಬೆನ್ನ ಮೇಲೆ ಬಿಳೀ ಮಚ್ಚೆ, ಸುತ್ತ ಕಪ್ಪು. ಬಣ್ಣವೇ ಸತ್ತುಹೋಗಿರುತ್ತೆ.

ಶಿಷ್ಯೆ: ಬರಿಯ ಫ್ಲಾಶ್ ಹೊಡೆದರೆ ಹಾಗೇ ಆಗೋದು. ಬಿಸಿಲಿನಲ್ಲಿ ನೆರಳು ಯಾಕೆ ಅಷ್ಟು ಗಡುಸು, ಮೋಡದ ದಿನ ಯಾಕೆ ನೆರಳೇ ಇರಲ್ಲ?

ಮೇಷ್ಟ್ರು: ಸೂರ್ಯ ದೊಡ್ಡದಾದರೂ ನಮಗೆ ಚಿಕ್ಕ ಬಿಲ್ಲೆಯಾಗಿ ಕಾಣುತ್ತೆ, ಬೆಳಕು ಒಂದೇ ದಿಕ್ಕಿನಿಂದ. ಮೋಡ ಕವಿದಾಗ ಇಡೀ ಆಕಾಶವೇ ದೀಪ. ಓಹೋ! ಹುಳುವಿನ ಮೇಲೆ ಒಂದು ಆಕಾಶ ಕಟ್ಟಬೇಕು.

ಶಿಷ್ಯೆ: ಅದೇ ಡಿಫ್ಯೂಸರ್. ಎಂಟು ಮಿಲಿಮೀಟರ್ ಜೇಡಕ್ಕೆ ಒಂದು ಗೇಣು ಅಗಲದ ಬಿಳಿ ಹಾಳೆಯನ್ನು ಹತ್ತು ಸೆಂಟಿಮೀಟರ್ ದೂರದಲ್ಲಿ ಹಿಡಿದರೆ ಅದಕ್ಕೆ ಅದೇ ಆಕಾಶ. ಇದಕ್ಕೆ ದುಡ್ಡು ಬೇಡ. ಟಿವಿ ಡಬ್ಬದಲ್ಲಿ ಬರುವ ತೆಳ್ಳನೆ ಬಿಳಿ ಫೋಮ್ ಹಾಳೆ, ಟ್ರೇಸಿಂಗ್ ಪೇಪರ್, ಎರಡು ರಬ್ಬರ್ ಬ್ಯಾಂಡ್. ಮೊದಲ ದಿನ ಕ್ಯಾಮೆರಾದ ತಲೆ ಮೇಲಿನ ಫ್ಲಾಶಿಗೇ ಮಾಡಿ ನೋಡಿ. ಫೋಮ್ ಹಾಳೆಯ ನಡುವೆ ದುಂಡಗೆ ಕತ್ತರಿಸಿ ಲೆನ್ಸಿನ ಮೂತಿಗೆ ಕೊರಳಪಟ್ಟಿಯ ಹಾಗೆ ತೊಡಿಸಿ. ಫ್ಲಾಶ್ ಆ ಹಾಳೆಗೆ ಬಡಿದು ಹರಡಿ ಕೆಳಗಿಳಿಯುತ್ತೆ. ಆಮೇಲೆ ಬೇರೆ ಫ್ಲಾಶ್ ಕೊಳ್ಳಿ. ಕೊಳ್ಳುವಾಗ ಒಂದು ಜಾಗರೂಕತೆ: ನಿಮ್ಮದರಂಥ ಕೆಲವು ಅಗ್ಗದ ಕ್ಯಾನನ್ ಕ್ಯಾಮೆರಾಗಳಲ್ಲಿ ಫ್ಲಾಶ್ ಕೂರುವ ಗೂಡಿನ ನಡುವಿನ ದೊಡ್ಡ ಬಿಂದುವನ್ನೇ ತೆಗೆದುಬಿಟ್ಟಿದ್ದಾರೆ. ಆ ಒಂದೇ ಬಿಂದುವನ್ನು ನಂಬಿದ ತೀರಾ ಅಗ್ಗದ ಫ್ಲಾಶುಗಳು ಇದರಲ್ಲಿ ಹೊತ್ತಿಕೊಳ್ಳಲ್ಲ. ಗೋಡಾಕ್ಸ್‌ನಂಥವರು ಕ್ಯಾನನ್‌ಗೆಂದೇ ಮಾಡುವ ಮಾದರಿ ಕೇಳಿ, ಅಂಗಡಿಯಲ್ಲೇ ನಿಮ್ಮ ಕ್ಯಾಮೆರಾಗೆ ಹಾಕಿ ಹೊಡೆಸಿ ನೋಡಿ.

ಮೇಷ್ಟ್ರು: ಜೇಡ ಒಂದು ಕಡೆ ನಿಲ್ಲಲ್ಲವಲ್ಲ. ಹಿಡಿದು ಸ್ವಲ್ಪ ಹೊತ್ತು ಫ್ರಿಡ್ಜಿನಲ್ಲಿಟ್ಟರೆ ಮಂಕಾಗುತ್ತೆ ಅಂತ ಯಾರೋ ಹೇಳಿದರು.

ಶಿಷ್ಯೆ: ಬೇಡ ಸರ್. ನೀವು ಅದನ್ನು ಮಾಡೋದೂ ಇಲ್ಲ, ನನಗೆ ಗೊತ್ತು. ಮಂಕಾದ ಜೀವದ ಕಾಲುಗಳು ಮಡಚಿಕೊಂಡಿರುತ್ತವೆ, ನೋಡಿದವರಿಗೆ ತಿಳಿಯುತ್ತೆ. ಬೆಳಿಗ್ಗೆ ಬೇಗ ಹೋಗಿ. ತಂಪಿನಲ್ಲಿ, ಇಬ್ಬನಿ ಆರುವ ಮುಂಚೆ, ಹುಳುಗಳು ತಾವಾಗೇ ನಿಧಾನ ಇರುತ್ತವೆ. ಎಡಗೈಯಲ್ಲಿ ಎಲೆಯ ತೊಟ್ಟು ಮೆಲ್ಲಗೆ ಹಿಡಿದು, ಅದೇ ಕೈ ಮೇಲೆ ಲೆನ್ಸು ಒರಗಿಸಿ. ಎಲೆ ಅಲುಗಿದರೆ ಲೆನ್ಸೂ ಜೊತೆಗೇ ಅಲುಗುತ್ತೆ, ನಡುವಿನ ದೂರ ಕದಲಲ್ಲ. ಟ್ರೈಪಾಡ್ ಕೊಳ್ಳೋಕೆ ಹೋಗಬೇಡಿ. ಎಲೆ ಕೀಳಬೇಡಿ, ಗೂಡು ಬಿಚ್ಚಬೇಡಿ. ರಾತ್ರಿ ಕಪ್ಪೆ ಸಿಕ್ಕರೆ ನಾಲ್ಕು ಫ್ಲಾಶಿಗೆ ಸಾಕು ಮಾಡಿ.

ಮೇಷ್ಟ್ರು: ಅಷ್ಟೂ ಆದ ಮೇಲೆ, ಮುಂದಿನ ಮಳೆಗಾಲಕ್ಕೂ ಈ ಹುಚ್ಚು ಉಳಿದಿದ್ದರೆ?

ಶಿಷ್ಯೆ: ಆಗ ಸೆಕೆಂಡ್ ಹ್ಯಾಂಡ್ 90 ಅಥವಾ 100 ಎಂಎಂ ತನ್ನಿ, ನಾನೇ ಜೊತೆಗೆ ಬಂದು ಟಾರ್ಚ್ ಬಿಟ್ಟು ನೋಡ್ತೀನಿ. ಕ್ಯಾನನ್‌ದೇ ಸಿಕ್ಕರೆ ಇನ್ನೂ ನಿಶ್ಚಿಂತೆ, ಮುಂದೆ ಅವರ ಮಿರರ್‌ಲೆಸ್ ಕ್ಯಾಮೆರಾ ಕೊಂಡರೂ ಒಂದು ಅಡಾಪ್ಟರ್ ಹಾಕಿ ಅದೇ ಲೆನ್ಸು ಬಳಸಬಹುದು. ಇವತ್ತು ಕೊಂಡ ಫ್ಲಾಶ್ ಅದಕ್ಕೂ ಬೇಕು. ರೇನಾಕ್ಸನ್ನು ಆ ಲೆನ್ಸಿನ ಮುಂದೆಯೂ ಸಿಕ್ಕಿಸಬಹುದು, ಒಂದಕ್ಕೆ ಒಂದನ್ನೂ ಮೀರಿ ಹೋಗಬಹುದು. ಯಾವುದೂ ಎರಡೆರಡು ಖರ್ಚಾಗಲ್ಲ.

ಮೇಷ್ಟ್ರು: ಹಾಗಾದರೆ ಚೀಟಿಯಲ್ಲಿ ಏನು ಬರೆದುಕೊಳ್ಳಲಿ?

ಶಿಷ್ಯೆ: ಈ ತಿಂಗಳು ರೇನಾಕ್ಸ್ ಡಿಸಿಆರ್-250, ಬರುವ ತಿಂಗಳು ಕ್ಯಾನನ್‌ಗೆ ಹೊಂದುವ ಒಂದು ಪುಟ್ಟ ಫ್ಲಾಶ್, ಜೊತೆಗೆ ಸಿಲಿಕಾ ಜೆಲ್. ಹೊಸ ಮ್ಯಾಕ್ರೋ ಲೆನ್ಸು ಈ ವರ್ಷ ಬೇಡ.